ಎರವಲು ಆಟಗಾರನ ಎತ್ತರ

ಕತಾರಿನ ದೋಹಾ ಅಲ್ ಜದೀದಾ ಬಡಾವಣೆಯ ನಮ್ಮ ಎದುರು ಫ್ಲಾಟಿನ ಡ್ಯಾರೆನ್ ಇಂಗ್ಲೆಂಡಿನ ಫುಟ್ಬಾಲ್ ಆಟಗಾರ, ವಯಸ್ಸು ಹತ್ತೊಂಬತ್ತು. ನಾನು ಪಕ್ಕದವರಿಗೆ ಮಿಕ್ಸಿ ಜಾರ್ ಕೊಡುವ ಹಾಗೆ ಅವನ ಕ್ಲಬ್ಬು ಅವನನ್ನು ಎರವಲು ಕೊಡುತ್ತಲೇ ಇರುತ್ತದೆ. ಅಲ್ಲಿನ ನಾಲ್ಕು ಸಣ್ಣ ಕ್ಲಬ್ಬುಗಳನ್ನು ಸುತ್ತಿ ಈಗ ಇಲ್ಲಿನ ಎರಡನೇ ಡಿವಿಜನ್ನಿಗೆ ಬಂದಿದ್ದಾನೆ. ಸೂಟ್‌ಕೇಸನ್ನು ಪೂರ್ತಿ ಬಿಚ್ಚುವುದಿಲ್ಲ. ಬಕೆಟ್ಟು, ಇಸ್ತ್ರಿಪೆಟ್ಟಿಗೆ ಎಲ್ಲ ನಮ್ಮದೇ. "ಜೂನ್‌ನಲ್ಲಿ ಹೋಗ್ತೀನಲ್ಲ, ಅಕ್ಕ" ಎನ್ನುತ್ತಾನೆ. ಅಕ್ಕ ಎನ್ನಲು ನಾನೇ ಕಲಿಸಿದ್ದು; ಆಂಟಿ ಎಂದರೆ ನನಗಾಗದು. ಬಿಸಿಲಲ್ಲಿ ಓಡಿ ಬಂದವನನ್ನು ಕಂಡರೆ ನೀರು ಕುಡಿದನೋ ಇಲ್ಲವೋ ಎಂದು ನನ್ನ ಎದೆ ಹೊಡೆದುಕೊಳ್ಳುತ್ತದೆ. ಒಂದಿಂಚು ಬೆಳೆದು ಬಂದರೆ ನಮ್ಮಲ್ಲೇ ಇಟ್ಟುಕೊಳ್ಳುತ್ತೇನೆ ಎಂದು ಇಂಗ್ಲೆಂಡಿನ ಅವನ ಕ್ಲಬ್ಬಿನ ಕೋಚ್ ಹೇಳಿ ಕಳಿಸಿದ್ದಾನಂತೆ. ಅದನ್ನು ಕೇಳಿದಂದಿನಿಂದ ಮೂರು ವರ್ಷದ ನನ್ನ ಮಗಳು ಇಂಚರಳ ಜೊತೆ ಅವನಿಗೂ ದಿನಾ ಒಂದು ಲೋಟ ರಾಗಿ ಮಾಲ್ಟ್. ಮೂಗು ಹಿಡಿದು ಕುಡಿದು, "ಖಲಾಸ್" ಎಂದು ಲೋಟ ಬೋರಲು ಮಾಡಿ ತೋರಿಸುತ್ತಾನೆ. "ಮೀಸೆ ಬಂದವನು ರಾಗಿಗೆ ಬೆಳೀತಾನೇನೇ?" ಎಂದು ನನ್ನ ಗಂಡ ಭಾರ್ಗವ ರೇಗಿಸುತ್ತಾರೆ. ತಿಂಗಳ ಮೊದಲ ಶುಕ್ರವಾರ ಬಾಗಿಲ ಚೌಕಟ್ಟಿನ ಮೇಲೆ ಮಗಳ ಎತ್ತರಕ್ಕೆ ಪೆನ್ಸಿಲ್ ಗೆರೆ ಎಳೆದ ಮೇಲೆ ಅವನೂ ಬೂಟು ಬಿಚ್ಚಿ ಉಸಿರು ಬಿಗಿಹಿಡಿದು ನಿಲ್ಲುತ್ತಾನೆ. ಬೆಳೆದಿರುವುದಿಲ್ಲ, ಮುಖ ಸಪ್ಪಗಾದೀತೆಂದು ನಾನೇ ಗೆರೆಯನ್ನು ತುಸು ಮೇಲೆ ಎಳೆಯುತ್ತೇನೆ. ಮೊನ್ನೆ ನಮ್ಮ ಫೋನಿನಲ್ಲಿ ತಾಯಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು: "ನಾನೇನೂ ಬೆಳೆದಿಲ್ಲಮ್ಮ, ಜೂನ್‌ನಲ್ಲಿ ಮತ್ತೆಲ್ಲಿಗೋ ಕಳಿಸ್ತಾರೆ. ಅಕ್ಕನಿಗೆ ಹೇಳಿದ್ರೆ ಪಾಪ, ಊಟ ಬಿಡ್ತಾರೆ." ಇವತ್ತು ಮೊದಲ ಶುಕ್ರವಾರ. ಬೂಟು ಬಿಚ್ಚಿ ನಿಂತ. ನಾನು ಗೆರೆಯನ್ನು ಮೇಲೆಯೇ ಎಳೆದೆ.