ಆಯಿಯ ವಿಭೂತಿ ಗಟ್ಟಿ

ಮಿದುಳಿನ ಬಗ್ಗೆ ಬರೆಯಲು ಕೂತವಳು ನಾನು; ಸ್ವಲ್ಪ ತಡೆಯಿರಿ, ಆ ವಿಷಯಕ್ಕೇ ಬರುತ್ತೇನೆ. ಅದಕ್ಕೂ ಮೊದಲು ಒಂದು ವಿಭೂತಿ ಗಟ್ಟಿಯ ಸಂಗತಿ ಹೇಳಿಬಿಡಬೇಕು. ಅಪ್ಪನ ತಾಯಿ, ನಮ್ಮ ಆಯಿ, ಕಮಲಾಪುರದಲ್ಲಿ ಅಪ್ಪನ ತಮ್ಮ, ನಮ್ಮ ಕಾಕಾನ ಮನೆಯಲ್ಲಿರುತ್ತಾಳೆ. ಕಲಬುರಗಿಯಿಂದ ಹೋಗುವಾಗಲೆಲ್ಲ ಶರಣಬಸವೇಶ್ವರ ಗುಡಿಯ ಮುಂದಿನ ಅಂಗಡಿಯಿಂದ ಅವಳಿಗೆ ವಿಭೂತಿ ಒಯ್ಯುವುದು ನನ್ನ ರೂಢಿ. ತಿಂಗಳುಗಟ್ಟಲೆ ಬಾಳುತ್ತಿದ್ದ ಗಟ್ಟಿ, ಹೋದ ವರ್ಷ ಸಾಬೂನಿನ ಹಾಗೆ ಸವೆಯತೊಡಗಿತು.

ಯಾಕೆಂದರೆ ಆಯಿ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಎದ್ದವಳು, ಸ್ವಲ್ಪ ಹೊತ್ತಿಗೆ ಮತ್ತೆ ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂಡುತ್ತಿದ್ದಳು. ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕೂತವರನ್ನು ನಮ್ಮಲ್ಲಿ ಮಾತಾಡಿಸುವಂತಿಲ್ಲ; ಹಾಗಾಗಿ ಯಾರೂ ಕೇಳಲಿಲ್ಲ. ಅವ್ವನಿಗೆ ಭಕ್ತಿ ಹೆಚ್ಚಾಗಿದೆ ಎಂದು ಕಾಕಾ ನೆಂಟರ ಮುಂದೆ ಹೆಮ್ಮೆಪಡುತ್ತಿದ್ದ. ಮರೆವಿಗೆ ಭಕ್ತಿಯೆಂದು ಹೆಸರಿಟ್ಟು ಮನೆಯವರೆಲ್ಲ ಕೈಮುಗಿದು ನಿಂತಿದ್ದೆವು. ಒಂದು ದಿನ ಆಯಿ ನನ್ನನ್ನು ಪಕ್ಕಕ್ಕೆಳೆದು ಮೆಲ್ಲಗೆ ಕೇಳಿದಳು: “ಯವ್ವಾ, ಮುಂಜಾನಿ ನಾ ಪೂಜಿ ಮಾಡೀನೇನು? ಕಾಕಾಗ ಹೇಳಬ್ಯಾಡ.”

ನಾನು ಓದಿದ್ದು ಬಿ.ಕಾಂ.; ಆದರೂ ಡೆಮೆನ್ಶಿಯಾ ಎಂಬ ಮರೆವಿನ ರೋಗದ ಸಂಶೋಧನೆಯ ಸುದ್ದಿ ಸಿಕ್ಕಲ್ಲೆಲ್ಲ ಓದುವ ಹುಚ್ಚು. ಮಿದುಳಿನಲ್ಲಿ ಕೂಡಿಕೊಳ್ಳುವ ಕೆಟ್ಟ ಪ್ರೋಟೀನಿನ ಸುಳಿವು ಈಗ ರಕ್ತಪರೀಕ್ಷೆಯಲ್ಲೇ ಸಿಗುತ್ತದಂತೆ, ಆರಂಭದಲ್ಲೇ ಗೊತ್ತಾದ ಕೆಲವರಿಗೆ ರೋಗದ ಓಟವನ್ನು ಒಂದಿಷ್ಟು ನಿಧಾನಿಸುವ ಔಷಧಗಳೂ ಬಂದಿವೆಯಂತೆ ಎಂದು ಕಂಡವರಿಗೆಲ್ಲ ಖುಷಿಯಿಂದ ಹೇಳುತ್ತಿದ್ದವಳಿಗೆ, ಆಯಿಯ ಆ ಪಿಸುಮಾತು ಕೇಳಿದ ಮೇಲೆ ಓದಿದ್ದೆಲ್ಲ ಹೆದರಿಕೆಯಾಗಿ ತಿರುಗಿತು. ನಿಧಾನಿಸುವುದೆಂದರೆ ವಾಸಿಯಾಗುವುದಲ್ಲವಲ್ಲ. ನಾಳೆ ಇವಳು, ನೀನು ಯಾರ ಮಗಳೆಂದು ನನ್ನನ್ನೇ ಕೇಳಿದರೆ?

ಕಾಕಾನನ್ನು ಒಪ್ಪಿಸಿ ಆಯಿಯನ್ನು ಕಲಬುರಗಿಗೆ ಕರೆತಂದೆ. ಡಾಕ್ಟರರ ಮುಂದೆ ಹೊಸ ಪರೀಕ್ಷೆಯ ಹೆಸರನ್ನು ಗಡಗಡ ಒಪ್ಪಿಸಿದರೆ, ಅವರು ನಕ್ಕು, ಆಯಿ ಏನೇನು ಉಣ್ಣುತ್ತಾಳೆ ಎಂದು ವಿಚಾರಿಸಿದರು. ಮಾಂಸ ಮುಟ್ಟದ ಮನೆ ನಮ್ಮದು. ಕಫವಾಗುತ್ತದೆಂದು ಆಯಿ ಹಾಲು ಮೊಸರನ್ನೂ ಬಿಟ್ಟು ವರ್ಷಗಳಾಗಿದ್ದವು. ರಕ್ತ ನೋಡಿದರೆ, ಮಾಂಸ ಹಾಲುಗಳಿಂದ ಸಿಗುವ ಬಿ ಟ್ವೆಲ್ವ್ ವಿಟಮಿನ್ ತಳ ಕಂಡಿತ್ತು; ಅದು ಕಡಿಮೆಯಾದರೂ ಮರೆವು ಬರುತ್ತದಂತೆ. “ಮದಲ ಇದು ತುಂಬಮ್,” ಅಂದರು, “ಎಲ್ಲಾ ಮರವು ಆ ರೋಗ ಇರಂಗಿಲ್ಲವ್ವಾ.”

ಎಷ್ಟು ಹಗುರಾದೆನೆಂದರೆ, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಮರೆವಿನೂರಿಗೆ ಒಂದೇ ದಾರಿ ಎಂದುಕೊಂಡಿದ್ದೆ. ಹಲವು ದಾರಿಗಳಿವೆ, ಕೆಲವು ದಾರಿಗಳಲ್ಲಿ ತಿರುಗಿ ಬರಲಿಕ್ಕೂ ಆಗುತ್ತದೆ ಎನ್ನುವುದನ್ನು ನನ್ನ ಅಷ್ಟು ಓದಿನಲ್ಲಿ ನಾನು ಗಮನಿಸಿಯೇ ಇರಲಿಲ್ಲ.

ಇಂಜೆಕ್ಷನ್ನುಗಳು ಮುಗಿದು ಈಗ ಮಾತ್ರೆ ನಡೆದಿದೆ. ಒಮ್ಮೊಮ್ಮೆ ಹೆಸರುಗಳು ಇನ್ನೂ ತಪ್ಪುತ್ತವೆ, ಡಾಕ್ಟರರು ಮತ್ತೆ ನೋಡಬೇಕೆಂದಿದ್ದಾರೆ. ಆದರೆ ಮೊನ್ನೆ ರೂಢಿಯಂತೆ ವಿಭೂತಿ ಒಯ್ದಾಗ ಆಯಿ ಗೋಡೆಯ ಗೂಡಿನತ್ತ ಕೈ ತೋರಿಸಿದಳು. “ಹಿಂದಿನ ಗಟ್ಟಿನೇ ಇನ್ನಾ ಅರ್ಧ ಅದ. ಮತ್ತ್ಯಾಕ ತಂದಿ? ನಿನಗ ಮರವು ಸುರು ಆಗ್ಯಾದೇನು?”

ತಂದ ಗಟ್ಟಿಯನ್ನು ಚೀಲದಲ್ಲಿಟ್ಟುಕೊಂಡು ಮರಳಿ ಬಂದೆ. ಇದನ್ನು ಬರೆಯುವಾಗ ಅದು ಮೇಜಿನ ಮೇಲೆ ಮುಕ್ಕಾಗದೆ ಕೂತಿದೆ. ನಿಮ್ಮ ಮನೆಯ ಹಿರಿಯರಲ್ಲೂ ಭಕ್ತಿಯೆಂದೋ ಹಟವೆಂದೋ ನೀವು ಹೆಸರಿಟ್ಟದ್ದು ಆಮೇಲೆ ಬೇರೇನೋ ಆಗಿತ್ತೇ? ಬರೆದು ತಿಳಿಸಿ, ಓದಲು ಕಾದಿರುತ್ತೇನೆ.