ಶಟ್ಟೆಪ್ಪನ ಹೆಸರಿನ ಮುಂದೆ

ಬಾಯವ್ವನ ಎಡಗೈ ಹೆಬ್ಬೆರಳಿನಲ್ಲಿ ಒಂದು ಓರೆ ಗೆರೆ ಇದೆ. ತವರೂರು ದೊಡವಾಡದಲ್ಲಿ ಹುಡುಗಿಯಾಗಿದ್ದಾಗ ಜೋಳ ಕೊಯ್ಯುತ್ತ ಕುಡಗೋಲು ತಾಗಿದ್ದು. ಆ ಗೆರೆಯನ್ನು ನಾನು ಮೊದಲು ನೋಡಿದ್ದು ಅವಳ ಕೈಯಲ್ಲಲ್ಲ, ನಮ್ಮ ಕಾಲೇಜಿನ ಹಳೆಯ ಹಾಜರಿ ಪುಸ್ತಕದಲ್ಲಿ.

ಮುನವಳ್ಳಿಯ ಈ ಸಣ್ಣ ಕಾಲೇಜಿನಲ್ಲಿ ನಾನು ಇತಿಹಾಸ ಕಲಿಸುತ್ತೇನೆ; ಇಲ್ಲಿಯವರ ಬಾಯಲ್ಲಿ ಮೇಡಂ ಅಲ್ಲ, 'ಬಾಯಾರ'. ಸುವರ್ಣ ಮಹೋತ್ಸವ ಬಂತೆಂದು ಪ್ರಾಚಾರ್ಯರು ಹಳೆಯ ದಾಖಲೆಗಳನ್ನೆಲ್ಲ ನನ್ನ ತಲೆಗೆ ಕಟ್ಟಿದರು. ಗೆದ್ದಲು ತಿಂದ ಠರಾವು ಪುಸ್ತಕ, ಪ್ರವೇಶ ಅರ್ಜಿ, ಮಾಸಿದ ಗುಂಪು ಫೋಟೋ, ಎಲ್ಲಕ್ಕೂ ನಂಬರು ಹಾಕಿ ಒಂದು ದಾಖಲೆ ಕೋಣೆ ಮಾಡಬೇಕಿತ್ತು. ಹೂಲಿಯ ಗುಡಿಗಳಿಗೆ ಹುಡುಗರನ್ನು ಕರೆದೊಯ್ದು ಶಾಸನ ಓದಿಸುವವಳಿಗೆ ಇದೇನು ಮಹಾ ಎಂದುಕೊಂಡೆ. ಜಂಬ ನನಗೆ ಕಡಿಮೆ ಇರಲಿಲ್ಲ.

ಹಾಜರಿ ಪುಸ್ತಕದಲ್ಲಿ ಶಿಪಾಯಿ ಶಟ್ಟೆಪ್ಪ ಎಂಬವನ ಹೆಸರಿನ ಮುಂದೆ ಮೊದಲ ಹನ್ನೊಂದು ತಿಂಗಳು, ತಿಂಗಳಿಗೊಂದರಂತೆ, ನೀಟಾದ ಸಹಿ. ಆಮೇಲೆ ಇಪ್ಪತ್ತೆಂಟು ವರ್ಷ ಬರೀ ಹೆಬ್ಬಟ್ಟು, ಪ್ರತಿಯೊಂದರಲ್ಲೂ ಓರೆ ಗೆರೆ. ಸಹಿ ಬಲ್ಲವನು ಹೆಬ್ಬಟ್ಟಿಗೆ ಇಳಿಯುವುದುಂಟೆ? ತಲೆ ಎತ್ತಿದರೆ ಕಾಲೇಜಿನ ಕಸ, ನೀರು, ಚಹಾ ನೋಡಿಕೊಳ್ಳುವ ಬಾಯವ್ವ ಚಹಾ ಇಡುತ್ತಿದ್ದಳು. ಕಪ್ಪಿನ ಅಂಚಿನಲ್ಲಿ ಅದೇ ಹೆಬ್ಬೆರಳು.

"ಅವ ನನ್ನ ಗಂಡರಿ ಬಾಯಾರ," ಎಂದಳು. "ರಾಮದುರ್ಗದಾಕಿ ಒಬ್ಬಾಕಿ ಬೆನ್ನ ಹತ್ತಿ ಹೋದ. ಮಗಳು ಮಾಲಾ ಇನ್ನ ಮೊಲಿ ಕುಡಿಯೂ ಕೂಸು. ಮರುದಿನ ನಾನ ಬಂದು ಗಂಟಿ ಬಾರಿಸಿದೆ."

ಆಗ ಕ್ಲಾರ್ಕ್ ಆಗಿದ್ದ, ಈಗ ಆಫೀಸನ್ನೇ ಆಳುವ ಕೃಷ್ಣಾಜಿ ಅವಳಿಗೆ ಹೇಳಿದ್ದು ಇಷ್ಟೇ: ಆರ್ಡರ್ ಗಂಡನ ಹೆಸರಿನಲ್ಲಿದೆ, ಬದಲಿಸುವುದು ದೊಡ್ಡ ರಗಳೆ, ಅವನ ಹೆಸರಿನ ಮುಂದೆ ನೀನೇ ಒತ್ತು. ಒತ್ತಿದಳು. ಕೊಡ ಹೊತ್ತಳು, ಕಕ್ಕಸು ತೊಳೆದಳು, ಪರೀಕ್ಷೆಯಲ್ಲಿ ತಲೆಸುತ್ತಿ ಬಿದ್ದ ಹುಡುಗಿಯರ ಮುಖಕ್ಕೆ ನೀರು ಚಿಮುಕಿಸಿದಳು. ಪಗಾರದ ಹಾಳೆಯಲ್ಲೂ ಶಟ್ಟೆಪ್ಪನೇ ಇದ್ದ. ಮಗಳ ಮದುವೆಯಲ್ಲಿ ಬೀಗರು, 'ಮನೆ ಬಿಟ್ಟು ಹೋದರೂ ಅಪ್ಪ ಪಗಾರ ಮಗಳಿಗೆ ಬಿಟ್ಟುಕೊಟ್ಟ, ದೊಡ್ಡ ಮನಸ್ಸಿನವನು' ಎಂದರಂತೆ. ಅದನ್ನು ಹೇಳುವಾಗ ಅವಳ ದನಿ ಗಡುಸಾಯಿತು.

ಮುಂದಿನ ತಿಂಗಳು ಅವಳನ್ನು ನಿವೃತ್ತಿ ಮಾಡುವವರಿದ್ದರು. ಅವಳಿಗೆ ಐವತ್ತೊಂದು. ಅರವತ್ತು ತುಂಬಿದ್ದು ಶಟ್ಟೆಪ್ಪನಿಗೆ.

"ಕೆಲಸ ನಾ ಮಾಡೇನಿ ಅಂತ ಒಂದು ಹಾಳ್ಯಾಗ ಬರದು ಕೊಡಸ್ರಿ. ಮಾಲಾನ ಮನ್ಯಾಗ ಗ್ವಾಡಿಗಿ ಹಾಕತೇನಿ. ಬೀಗರು ಓದಲಿ. ಮತ್ತೇನೂ ಬ್ಯಾಡ ನನಗ."

ಮಾತು ಕೊಟ್ಟೆ. ಬಿಳಿ ಹಾಳೆಯೊಂದರ ಮೇಲೆ ಅವಳ ಹೆಬ್ಬಟ್ಟು ಒತ್ತಿಸಿಕೊಂಡು, ಕೆಳಗೆ 'ಬಾಯವ್ವ, ದೊಡವಾಡ' ಎಂದು ಬರೆದು, ಹಾಜರಿ ಪುಸ್ತಕದ ಜೊತೆ ಪ್ರಾಚಾರ್ಯರ ಮೇಜಿನ ಮೇಲಿಟ್ಟೆ. ಪಕ್ಕದಲ್ಲೇ ಇದ್ದ ಕೃಷ್ಣಾಜಿ ಕನ್ನಡಕ ಏರಿಸಿ ಎರಡನ್ನೂ ಹೋಲಿಸಿ ನೋಡಿದರು. "ಭಾಳ ಛಲೋ ಹುಡಿಕೀರಿ ಬಾಯಾರ," ಎಂದರು. ಆಮೇಲೆ ಬಾಯವ್ವನನ್ನು ಕರೆಸಿದರು.

"ಇಪ್ಪತ್ತೆಂಟ ವರ್ಷ ಇನ್ನೊಬ್ಬರ ಹೆಸರಿಗೆ ಸುಳ್ಳ ಹೆಬ್ಬಟ್ಟ ಒತ್ತೀದಿ. ನಾಳೆ ಪೊಲೀಸರು ಬಂದ್ರ ಇದರಾಗ ನಿನ್ನ ಬೆರಳ ಸಿಗತೈತಿ, ನಂದಲ್ಲ. ಸಾಕ್ಷಿ ನಿಮ್ಮ ಬಾಯಾರ ತಯಾರ ಮಾಡಿ ಇಟ್ಟಾರ ನೋಡು."

ಬಾಯವ್ವ ನನ್ನನ್ನು ನೋಡಿದಳು. ಒತ್ತು ಅಂದವರು ನೀವೇ ಅಲ್ಲವೇ ಎಂದು ಕೃಷ್ಣಾಜಿಯನ್ನು ಕೇಳಬೇಕಿತ್ತು. ಆದರೆ ನನ್ನ ನೌಕರಿಯೂ ವರ್ಷವರ್ಷಕ್ಕೆ ಆ ಮೇಜಿನ ಮೇಲೇ ನವೀಕರಣವಾಗುವುದು. ಪ್ರಾಚಾರ್ಯರು ಆಮಂತ್ರಣ ಪತ್ರಿಕೆಯ ಕರಡು ತಿದ್ದುತ್ತ ಕುಳಿತಿದ್ದರು. ಬಿಳಿ ಹಾಳೆಯನ್ನು ಕೃಷ್ಣಾಜಿ ತಮ್ಮ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು.

ಸನ್ಮಾನದ ಪಟ್ಟಿ ದಾಖಲೆ ನೋಡಿಯೇ ತಯಾರಾಯಿತು. ಅತಿ ದೀರ್ಘ ಸೇವೆ ಸಲ್ಲಿಸಿದ ಶಿಪಾಯಿ, ಶಟ್ಟೆಪ್ಪ. ರಾಮದುರ್ಗಕ್ಕೆ ಹೇಳಿ ಕಳಿಸಿದರು. ಬಂದನಲ್ಲ! ಇಸ್ತ್ರಿ ಧೋತರ, ಎಣ್ಣೆ ಹಚ್ಚಿದ ಮೀಸೆ. ಶಾಲು ಹೊದೆಸಿದಾಗ ಮೈಕಿನ ಮುಂದೆ ನಿಂತು, "ಈ ಕಾಲೇಜು ನನಗ ಹಡದವ್ವ ಇದ್ದಂಗ," ಎಂದು ಕಣ್ಣೊರೆಸಿಕೊಂಡ. ಜನ ಚಪ್ಪಾಳೆ ತಟ್ಟಿದರು. ಬಾಯವ್ವ ವೇದಿಕೆಯ ಮೇಲಿನವರಿಗೆ ಚಹಾ ಕೊಡುತ್ತ ಬಂದು ಅವನ ಮುಂದೆಯೂ ಟ್ರೇ ಹಿಡಿದಳು. ಅವನು ಒಂದು ಗುಟುಕು ಕುಡಿದು, "ಸಕ್ಕರಿ ಕಡಿಮಿ ಆಗೇತಿ," ಎಂದ. ಹೆಂಡತಿಯ ಮುಖ ನೋಡಲೂ ಇಲ್ಲ, ದರಿದ್ರದವನು.

ಕಾರ್ಯಕ್ರಮ ಮುಗಿದ ಮೇಲೆ ಆಫೀಸಿನಲ್ಲಿ ಹಾಜರಿ ಪುಸ್ತಕದ ಕೊನೆಯ ಹಾಳೆ ತೆರೆದಿತ್ತು. ಸೇವೆ ಮುಗಿಯಿತು ಎಂಬುದಕ್ಕೆ ಅಲ್ಲೊಂದು ಗುರುತು ಬೇಕಿತ್ತು. ಶಟ್ಟೆಪ್ಪ ಠೀವಿಯಿಂದ ಪೆನ್ನು ತೆಗೆದ. ಕೃಷ್ಣಾಜಿ ಅವನ ಕೈ ಹಿಡಿದರು.

"ಸಹಿ ಬ್ಯಾಡೋ ಮಾರಾಯಾ. ಹಿಂದಿನ ಹಾಳಿಗೆ ತಾಳೆ ಆಗೂದಿಲ್ಲ." ಬಾಗಿಲ ಕಡೆ ತಿರುಗಿ ಕೂಗಿದರು: "ಬಾಯವ್ವಾ, ಬಾ ಇಲ್ಲೆ. ಇದೊಂದು ಒತ್ತಿ ಹೋಗು."

ಅವಳು ಎಂಜಲು ಕಪ್ಪುಗಳ ಟ್ರೇ ನೆಲಕ್ಕಿಟ್ಟು, ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಶಾಯಿಯ ಡಬ್ಬಿಯ ಮೇಲೆ ಕೈ ತಡೆದು ನನ್ನ ಕಡೆ ನೋಡಿದಳು.

"ಒತ್ತಲೇನ್ರಿ ಬಾಯಾರ?"

ಕೋಣೆಯಲ್ಲಿ ಎಲ್ಲರೂ ನನ್ನನ್ನೇ ನೋಡಿದರು. "ಒತ್ತು," ಎಂದೆ.

ಓರೆ ಗೆರೆ ಸ್ಪಷ್ಟವಾಗಿ ಮೂಡಿತು. ಕೃಷ್ಣಾಜಿ ಊದಿ ಒಣಗಿಸಿದರು. ಬಾಯವ್ವ ಟ್ರೇ ಎತ್ತಿಕೊಂಡು ಹೋಗಿ ಕಪ್ಪು ತೊಳೆದಿಟ್ಟು, ಯಾರಿಗೂ ಹೇಳದೆ ದೊಡವಾಡದ ಬಸ್ಸು ಹತ್ತಿದಳಂತೆ.

ಆ ಪುಸ್ತಕ ಈಗ ದಾಖಲೆ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿದೆ. ಬಂದವರು ನಿಂತು ನೋಡುತ್ತಾರೆ. 'ಶಿಪಾಯಿ ಶಟ್ಟೆಪ್ಪ, ಇಪ್ಪತ್ತೊಂಬತ್ತು ವರ್ಷಗಳ ನಿಷ್ಠಾವಂತ ಸೇವೆ' ಎಂಬ ಚೀಟಿಯನ್ನು ಬರೆದವಳು ನಾನು. ಇಡೀ ಕಾಲೇಜಿನಲ್ಲಿ ಬಾಯವ್ವನ ಹೆಸರಿರುವ ಹಾಳೆ ಒಂದೇ ಒಂದು. ಅದು ಇನ್ನೂ ಕೃಷ್ಣಾಜಿಯ ಕಪಾಟಿನಲ್ಲಿದೆ, ಅವಳ ವಿರುದ್ಧದ ಸಾಕ್ಷಿಯಾಗಿ.