ಎಣಿಸಿ ಕೊಟ್ಟ ಉಸಿರು

ಬಿಸಿ ಚಹಾವನ್ನು ಬಸಿಗೆ ಸುರಿದು ಊದುವಾಗ ಯಾರಿಗೂ ತಮ್ಮ ಉಸಿರಿನ ನೆನಪಾಗುವುದಿಲ್ಲ, ನೀವೂ ಗಮನಿಸಿರಬೇಕು. ಕಲಬುರಗಿಯ ಮೋಮಿನಪುರದ ಹೋಟೆಲಿನಲ್ಲಿ ದಿನಾ ಬೆಳಿಗ್ಗೆ ಒಂದು ಊದು ಬಸಿಗೆ, ಒಂದು ದಮ್ಮು ಸಿಗರೇಟಿಗೆ ಎಂದು ಶ್ವಾಸವನ್ನು ಸಮಪಾಲು ಹಂಚಿ, ಆಮೇಲೆ ಕಮಲಾಪುರದ ಬಸ್ಸಿನ ಹಿಂದೆ ಏದುಸಿರು ಬಿಡುತ್ತ ಓಡುತ್ತಿದ್ದ ತೊಂಬತ್ತರ ದಶಕದ ಆ ದಿನಗಳಲ್ಲಿ ನನಗೂ ಆಗುತ್ತಿರಲಿಲ್ಲ. ಅಲ್ಲಿಯ ಹೈಸ್ಕೂಲಿನಲ್ಲಿ ಶ್ವಾಸಾಂಗಗಳ ಪಾಠ ಹೇಳುವ ಮಹಾನುಭಾವನೂ ನಾನೇ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

ಒಂಬತ್ತನೆಯ ತರಗತಿಯ ವೈದೇಹಿ ಕಲಬುರಗಿಯ ಜಿಲ್ಲಾ ಮಟ್ಟದ ಓಟದ ಸ್ಪರ್ಧೆಗೆ ಆಯ್ಕೆಯಾದಾಗ, ಒಪ್ಪಿಗೆ ಪತ್ರಕ್ಕೆ ರುಜು ಹಾಕಲು ಅವಳ ಅಜ್ಜಿ ಗೋದಾಬಾಯಿ ಒಪ್ಪಲಿಲ್ಲ. ಮನವೊಲಿಸಲು ನಾನೇ ಹೊರಟೆ. ಧೈರ್ಯಕ್ಕೆಂದು ದಾರಿಯಲ್ಲಿ ಒಂದು ಸಿಗರೇಟನ್ನೂ ಸೇದಿದೆ.

"ದೇವರು ಉಸಿರು ಎಣಿಸಿ ಕೊಟ್ಟಾನ್ರಿ ಮಾಸ್ತರ," ಎಂದರು ಅಜ್ಜಿ. "ಓಡಿದ್ರ ಲಗೂ ತೀರತಾವ. ಈಕಿ ಅಪ್ಪ ಊರೂರು ಸೈಕಲ್ ಹೊಡದು, ತೇಕಿ ತೇಕಿ ಎಲ್ಲಾ ತೀರಿಸ್ಕೊಂಡು ಹೋದ. ಇರೋದು ಇದೊಂದು ಕೂಸು."

ಮಗನನ್ನು ಕಳೆದುಕೊಂಡ ತಾಯಿಗೆ ವಿಜ್ಞಾನ ಹೇಳುವ ಬಾಯಿ ನನಗಿರಲಿಲ್ಲ. ಅವರ ಕೈಯಲ್ಲಿದ್ದ ತುಳಸಿಮಾಲೆಯನ್ನು ತೋರಿಸಿ, ನೀವೇ ಎಣಿಸಿ ನೋಡಿ ಎಂದೆ. ಒಂದು ಉಸಿರಿಗೆ ಒಂದು ಮಣಿ, ಒಂದು ನಿಮಿಷ ಅಳೆಯಲು ನನ್ನ ಕೈಗಡಿಯಾರ.

ವೈದೇಹಿ ಕುಳಿತಾಗ ಮಣಿಗಳು ನಿಧಾನವಾಗಿ ಸರಿದವು. ಕೆಂಪು ಬಾಳೆಯ ತೋಟಕ್ಕೆ ಮೂರು ಸುತ್ತು ಹಾಕಿ ಬಂದಾಗ ಅವಳ ಎದೆ ತಿದಿಯಂತೆ ಏಳುತ್ತಿತ್ತು, ಅಜ್ಜಿಯ ಬೆರಳು ತಡವರಿಸಿತು. ಆಮೇಲೆ ನಡೆದದ್ದನ್ನು ನಾನು ಇಂದಿಗೂ ಮರೆತಿಲ್ಲ. ಯಾರೂ ಹೇಳದೆ, ಯಾರೂ ತಡೆಯದೆ, ಆ ಉಸಿರು ತಾನಾಗಿ ಇಳಿಯಿತು. ದಣಿದ ಸ್ನಾಯುಗಳು ಬೇಡಿದ್ದನ್ನೆಲ್ಲ ಕೊಟ್ಟು, ಬೇಡದ ಗಾಳಿಯನ್ನು ಹೊರಗಟ್ಟಿ, ಕೆಲವೇ ನಿಮಿಷಗಳಲ್ಲಿ ತನ್ನ ಹಳೆಯ ಲಯಕ್ಕೆ ಬಂದು ಕುಳಿತಿತು. ವರ್ಷಗಟ್ಟಲೆ ಕಪ್ಪುಹಲಗೆಯ ಮೇಲೆ ಬರೆದು ಅಳಿಸಿದ್ದ ಸಂಗತಿಯನ್ನು ನಾನು ಕಣ್ಣಾರೆ ಕಂಡದ್ದು ಅಂದೇ. ಇಂಥದೊಂದನ್ನು ಎಲ್ಲರೂ ಎದೆಯೊಳಗೆ ಇಟ್ಟುಕೊಂಡು ತಿರುಗುತ್ತೇವಲ್ಲ!

ಉತ್ಸಾಹ ನೆತ್ತಿಗೇರಿ, ಓಡದೆ ಕುಳಿತವನ ಲೆಕ್ಕವೂ ಹೋಲಿಕೆಗೆ ಇರಲಿ ಎಂದು ನನ್ನ ಎದೆಯನ್ನೇ ಮುಂದೊಡ್ಡಿದೆ. ಅರ್ಧ ನಿಮಿಷಕ್ಕೇ ಅಜ್ಜಿಯ ಬೆರಳು ನಿಂತಿತು.

"ಮಾಸ್ತರ, ನೀವು ಎಲ್ಲಿಂದ ಓಡಿ ಬಂದ್ರಿ?"

"ಓಡಿಲ್ಲರೀ."

ಹೊಗೆ ತಗಲಿದೊಡನೆ ಶ್ವಾಸನಾಳ ಬಿಗಿಯುತ್ತದೆ, ಧೂಳು ಗುಡಿಸುವ ಸೂಕ್ಷ್ಮ ರೋಮಗಳು ಮಂಕಾಗುತ್ತವೆ ಎಂಬ ನನ್ನದೇ ಪಾಠ ನನ್ನೊಳಗೆ ಸುಯ್ಯೆನ್ನುತ್ತಿತ್ತು. ಅಜ್ಜಿ ಹತ್ತಿರ ಬಂದರು. ನನ್ನ ಅಂಗಿಯ ತೋಳನ್ನು ಹಿಡಿದು ಮೂಸಿದರು, ಬಹಳ ಹೊತ್ತು ಬಿಡಲಿಲ್ಲ.

"ಇದೇ ವಾಸನಿ," ಎಂದರು. "ಅವನ ಅಂಗಿ ಒಗಿಯೋ ಮುಂದ ದಿನಾ ಇದೇ ವಾಸನಿ ಬರತಿತ್ತು. ಕುಂತಲ್ಲೇ ಹೀಂಗ ತೇಕತಿದ್ದ. ನಾ ಸುಮ್ನ ಸೈಕಲ್ಲಿಗೆ ಬೈಕೋತ ಕುಂತೆ."

ಕಣ್ಣೊರೆಸಿಕೊಂಡು ಪೆನ್ನು ಕೇಳಿ, ಹಳೆಯ ಮೋಡಿ ಲಿಪಿಯಂಥ ಸುರುಳಿ ಸುರುಳಿ ರುಜು ಹಾಕಿದರು. ಬಾಗಿಲವರೆಗೆ ಬಂದು, "ಈಕಿ ಓಡತಾಳ, ನೀವು ಅದನ್ನ ಬಿಡ್ರಿ. ಇಬ್ಬರದೂ ನಾ ಎಣಿಸ್ತೇನಿ," ಎಂದರು.

ಮರುದಿನ ಮೋಮಿನಪುರದಲ್ಲಿ ಚಹಾ ಬಂತು. ಅಭ್ಯಾಸಬಲದಿಂದ ಜೇಬಿಗೆ ಹೋದ ಕೈ ಬರಿದಾಗಿ ಹಿಂತಿರುಗಿತು. ಬಸಿಯನ್ನು ಎರಡೂ ಕೈಯಲ್ಲಿ ಹಿಡಿದು ಊದಿದೆ. ಚಹಾ ಆರುವ ಹೊತ್ತಿಗೆ, ಕಮಲಾಪುರದಲ್ಲಿ ಯಾರೋ ಮಣಿ ಸರಿಸುತ್ತಿದ್ದಾರೆಂಬಂತೆ, ನಾನೂ ಎಣಿಸುತ್ತಿದ್ದೆ.